ಮಾದೇವನ ಸ್ಪ್ಯಾನಿಷ್ ಮತ್ತು ಒಂದು ಸುಗಂಧರಾಜದ ಹಾರ

ಹಾರ ಇತ್ತು ಎನ್ನುತ್ತೇನೆ ನಾನು. ಇರಲಿಲ್ಲ ಎನ್ನುತ್ತಾನೆ ಮಾದೇವ. ಆ ಬೆಳಿಗ್ಗೆ ಕಾರಿನಲ್ಲಿದ್ದವರು ಮೂರೇ ಜನ. ಮೂರನೆಯವರು ದೂರದ ದೇಶದಲ್ಲಿದ್ದಾರೆ. ಅವರನ್ನು ಕೇಳಲು ನನಗೆ ಬಹಳ ದಿನ ಬಾಯಿ ಬರಲಿಲ್ಲ.

ನನ್ನ ನೆನಪಿನ ಮೇಲೆ ನನಗೆ ನಂಬಿಕೆ ಕಡಿಮೆ. ವರ್ಷಗಟ್ಟಲೆ ವಿಶ್ವವಿದ್ಯಾಲಯದಲ್ಲಿ ಕುಳಿತು ಕಲಿತದ್ದರಲ್ಲಿ ಉಳಿದುಕೊಂಡಿರುವ ಅಭ್ಯಾಸ ಇದೊಂದೇ: ಯಾವುದಾದರೂ ನೆನಪು ಕಥೆಗೆ ಹೇಳಿ ಮಾಡಿಸಿದಂತೆ ಕೂರುತ್ತಿದೆ ಅನ್ನಿಸಿದರೆ ಮೊದಲು ಅದನ್ನೇ ಅನುಮಾನಿಸಬೇಕು. ಮಳೆಯಲ್ಲಿ ಓಡುವ ಕಾರು, ಹಿಂದಿನ ಸೀಟಿನಲ್ಲಿ ಏನೂ ತಿಳಿಯದ ಹೆಂಡತಿ, ಮುಂದಿನ ಸೀಟಿನ ಕೆಳಗೆ ಸುಗಂಧರಾಜದ ಹಾರ. ಇಷ್ಟೆಲ್ಲ ಒಂದೇ ಬೆಳಿಗ್ಗೆ ಒಟ್ಟಾಗಿ ಬರುತ್ತದೆಯೇ? ಹಾರವನ್ನು ನಾನೇ ಆಮೇಲೆ ತಂದು ಇಟ್ಟಿರಬಹುದು. ನಾಲ್ಕು ಜನರಿಗೆ ಹೇಳುವಾಗ ಕಥೆ ಚೆನ್ನಾಗಿರಲಿ ಎಂದು ಒಮ್ಮೆ ಸೇರಿಸಿ, ಆಮೇಲೆ ನಾನೇ ನಂಬಿರಬಹುದು.

ಹಾಗಂದುಕೊಂಡು ಸುಮ್ಮನಿದ್ದೆ. ಆದರೆ ಈ ಮಳೆಗಾಲ ಹುಣಸೂರಿನಿಂದ ಬೈಲಕುಪ್ಪೆ ಪಕ್ಕದ ಕೊಪ್ಪಕ್ಕೆ ಹೋಗುತ್ತಿದ್ದಾಗ ಬಸ್ಸು ಪಿರಿಯಾಪಟ್ಟಣದ ಸ್ಟ್ಯಾಂಡಿನಲ್ಲಿ ನಿಂತಿತು. ಕಿಟಕಿಯ ಪಕ್ಕದಲ್ಲೇ ಹೂವಿನ ಅಂಗಡಿ. ಹೆಂಗಸೊಬ್ಬರು ಹಾರಗಳಿಗೆ ನೀರು ಚಿಮುಕಿಸುತ್ತಿದ್ದರು. ಸುಗಂಧರಾಜದ ವಾಸನೆ ಒಳಗೆ ಬಂದದ್ದೇ, ಕೆಳಗಿರುವುದನ್ನು ತುಳಿಯಬಾರದು ಎಂಬಂತೆ ನನ್ನ ಕಾಲು ತಾನಾಗಿ ಪಕ್ಕಕ್ಕೆ ಸರಿಯಿತು. ತಲೆ ಕಥೆ ಕಟ್ಟುತ್ತದೆ, ಅದು ನನಗೆ ಗೊತ್ತಿರುವ ವಿಷಯ. ಕಾಲೂ ಕಟ್ಟುತ್ತದೆಯೇ?

ಆ ವರ್ಷ ನಾನು ದೆಹಲಿಯಿಂದ ಊರಿಗೆ ಬಂದದ್ದು ಒಂದು ಫೋನಿಗೆ. ಕಂಪಲಾಪುರದ ಹತ್ತಿರದ ಹಳ್ಳಿಯಲ್ಲಿ ನನ್ನ ಸೋದರತ್ತೆಯ ಮನೆ. ಅವರ ಮೈದುನ ಫೋನು ಮಾಡಿ, 'ನಿಮ್ಮಾವಂಗೆ ವಸಿ ಸೀರಿಯಸ್ಸು ಕಣಪ್ಪ, ಒರಟ್ ಬುಡು' ಅಂದರು. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಫೋನಿನಲ್ಲಿ ಯಾರೂ ಯಾರನ್ನೂ ಸಾಯಿಸುವುದಿಲ್ಲ. ಬರುವವರು ದಾರಿಯಲ್ಲಿ ಎದೆ ಒಡೆದುಕೊಳ್ಳಬಾರದು, ಅದಕ್ಕೆ ಸೀರಿಯಸ್ಸು ಅನ್ನುತ್ತಾರೆ. ಕೇಳಿಸಿಕೊಂಡವರು 'ಆಯ್ತು, ಬತ್ತೀನಿ' ಅಂದು ಫೋನಿಡುತ್ತಾರೆ, ಮರುಪ್ರಶ್ನೆ ಕೇಳುವುದಿಲ್ಲ. ನಾನೂ ಕೇಳಲಿಲ್ಲ. ರೈಲಿನಲ್ಲಿ ಕೂತಾಗಲೇ ಮಾವ ಇಲ್ಲ ಎಂಬುದು ತಿಳಿದಿತ್ತು. ಬಂದು ನೋಡಿದರೆ ಹಾಗೇ ಆಗಿತ್ತು.

ಕಾರ್ಯ ಮುಗಿದ ಮೇಲೆ ಹಿಂದಿರುಗಬೇಕಿತ್ತು. ಸ್ಪ್ಯಾನಿಷ್‌ನಲ್ಲಿ ಎಂ.ಎ. ಮಾಡಿ, ಪ್ರಬಂಧವನ್ನು ಅರ್ಧ ಬರೆದು, ಉಳಿದರ್ಧ ಯಾಕೆ ಬರೆಯಬೇಕು ಎಂದು ತಿಳಿಯದೆ ಕೂತಿದ್ದವನು ನಾನು. ಅತ್ತೆಯ ಹೊಲದಲ್ಲಿ ಹೊಗೆಸೊಪ್ಪು ಎದ್ದು ನಿಂತಿತ್ತು. 'ಸೊಪ್ ಬೇಯ್ಸೋಗಂಟ ಇರು ಮಗ, ನನ್ನೊಬ್ಳ ಕೈಲಾಗಕಿಲ್ಲ' ಅಂದರು ಅತ್ತೆ. ಉಳಿದೆ.

ಹೊಗೆಸೊಪ್ಪು ಬೇಯಿಸುವ ಬ್ಯಾರನ್ನನ್ನು ನೋಡದವರಿಗೆ ಹೇಳುವುದಾದರೆ, ಅದು ಕಿಟಕಿಯಿಲ್ಲದ ಎತ್ತರದ ಕೋಣೆ. ಒಳಗೆ ಸಾಲುಸಾಲಾಗಿ ಕಡ್ಡಿಗೆ ಕಟ್ಟಿದ ಎಲೆ, ಕೆಳಗೆ ಕೊಳವೆಯಲ್ಲಿ ಓಡುವ ಬಿಸಿ, ಹೊರಗೆ ಒಲೆಯ ಬಾಯಿ. ಬೆಂಕಿ ಹೆಚ್ಚಾದರೆ ಎಲೆ ಕಪ್ಪಾಗುತ್ತದೆ, ಕಡಿಮೆಯಾದರೆ ಹಸಿರು ಉಳಿದುಕೊಳ್ಳುತ್ತದೆ. ಒಬ್ಬರಾದರೂ ಒಲೆಯ ಮುಂದೆ ಇರಲೇಬೇಕು. ಆ ಮಳೆಗಾಲ ಹಾಗೆ ಇದ್ದವನು ನಾನು. ಊರಿಗೆ ಊರೇ ಬೆಂದ ಎಲೆಯ ಸಿಹಿ ಒಗರು ವಾಸನೆಯಲ್ಲಿ ಮುಳುಗಿತ್ತು.

ಅಲ್ಲಿಗೇ ಬಂದ ಮಾದೇವ. ಕೊಪ್ಪದ ಸ್ಟ್ಯಾಂಡಿನಲ್ಲಿ ಕಾರು ಓಡಿಸುತ್ತಿದ್ದ ಡ್ರೈವರ್. ಬೈಲಕುಪ್ಪೆಯ ಮಠಗಳಿಗೆ ಬರುವ ಪರದೇಶದವರನ್ನು ಸುತ್ತಾಡಿಸುವುದು ಅವನ ಕೆಲಸ. ಸ್ವಂತ ಊರು ಎಚ್.ಡಿ. ಕೋಟೆ ಕಡೆ, ಕಾಡಿನ ಅಂಚು. ಹೆಂಡತಿ, ಮಗಳು ಅಲ್ಲೇ ಇದ್ದರು.

'ಮೇಷ್ಟ್ರೇ, ನಿಮ್ಗೆ ಸ್ಪೇನ್ ಬಾಸೆ ಬತ್ತದಂತಲ್ಲ? ನಂಗೂ ವಸಿ ಕಲ್ಸಿ.'

'ಯಾಕಯ್ಯಾ?'

ಯಾಕೆ ಎಂಬುದನ್ನು ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಹೇಳಿದ. ಪಿಲಾರ್ ಎಂಬ ಸ್ಪೇನ್ ದೇಶದ ಹೆಂಗಸು, ನಿವೃತ್ತ ಟೀಚರ್, ಗಂಡ ಆಂದ್ರೆಸ್ ಜೊತೆ ವರ್ಷವರ್ಷ ಬೈಲಕುಪ್ಪೆಗೆ ಬರುತ್ತಾರೆ. ಇನ್ನು ಮುಂದೆ ತಮ್ಮೂರಿನಿಂದ ಗುಂಪುಗಳನ್ನೂ ಕರೆತರುವವರಿದ್ದಾರೆ. ಮಠ, ಕಬಿನಿ ಹಿನ್ನೀರು, ನಾಗರಹೊಳೆ ಎಲ್ಲ ಸುತ್ತಿಸಲು ಒಬ್ಬನೇ ಡ್ರೈವರ್ ಬೇಕು. ಗುಂಪಿನವರಿಗೆ ಇಂಗ್ಲಿಷ್ ಬರುವುದಿಲ್ಲ. ಪಿಲಾರ್ ಮಾದೇವನಿಗೆ ಹೇಳಿದ್ದು ಇಷ್ಟು: ಮಳೆಗಾಲದ ಕೊನೆಯಲ್ಲಿ ಬರುತ್ತೇನೆ. ಒಂದು ಪೂರ್ತಿ ದಿನ ನಿನ್ನ ಕಾರಿನಲ್ಲಿ ಸುತ್ತುತ್ತೇನೆ. ಆ ದಿನ ನನಗೆ ಇಂಗ್ಲಿಷ್ ಬೇಕಾಗದಿದ್ದರೆ ಕೆಲಸ ನಿನ್ನದು.

'ಆಗ್ದಿದ್ರೆ?'

'ಆಗ್ದಿದ್ರೆ ಕೇರಳದ ಲಾರಿ ಐತಲ್ಲ. ಮುಂಚೆ ಅದನ್ನೇ ಓಡುಸ್ತಿದ್ದೆ. ಒಂದ್ಸಲ ಅತ್ತಿದ್ರೆ ಮನೆ ಕಡೆ ಯಾವಾಗ್ ಬತ್ತೀವೋ ಗೊತ್ತಿಲ್ಲ. ಈ ಕೆಲ್ಸ ಆದ್ರೆ ಕೊಪ್ಪದಲ್ಲೇ ಮನೆ ಮಾಡಿ ಅವ್ರಿಬ್ರುನ್ನೂ ಕರ್ಕಬತ್ತೀನಿ.'

ಪಾಠ ಶುರುವಾಯಿತು. ಅವನು ಮೊಬೈಲಿನಲ್ಲಿ ಇಂಗ್ಲಿಷ್ ಮೂಲಕ ಕಲಿಯಲು ಹೋಗಿ ತಲೆ ಕೆಡಿಸಿಕೊಂಡಿದ್ದ. ಇಂಗ್ಲಿಷಿನಲ್ಲಿ ತಿಳಿದಿರುವುದಕ್ಕೆ ಹೇಳುವ 'ನೋ' ಎಂಬ ಒಂದು ಮಾತಿಗೆ ಸ್ಪ್ಯಾನಿಷ್‌ನಲ್ಲಿ ಸಬೆರ್, ಕೊನೊಸೆರ್ ಎಂದು ಎರಡು. 'ಆಸ್ಕ್'ಗೆ ಪೆದಿರ್, ಪ್ರೆಗುಂತಾರ್ ಎಂದು ಎರಡು. ಎಲ್ಲಕ್ಕಿಂತ ಕಷ್ಟದ್ದು ಇರುವುದಕ್ಕೆ, ಆಗಿರುವುದಕ್ಕೆ ಹೇಳುವ 'ಬಿ'. ಅದಕ್ಕೆ ಸೆರ್, ಎಸ್ತಾರ್.

'ಒಂದೊಂದ್ ಮಾತ್ಗೂ ಎಲ್ಡೆಲ್ಡು ಮಡೀಕಂಡವ್ರಲ್ಲ ಮೇಷ್ಟ್ರೇ, ಮನೇಲಿ ಮಾತು ಎಚ್ಚಾಗಿತ್ತಾ ಇವ್ರಿಗೆ?'

ಇಂಗ್ಲಿಷನ್ನು ಬಿಟ್ಟುಬಿಡು, ಕನ್ನಡದಿಂದ ನೇರವಾಗಿ ಹೋಗೋಣ ಅಂದೆ. ಒಂದು ವಿಷಯ ಗೊತ್ತಿದ್ದರೆ ಸಬೆರ್. ಒಬ್ಬ ಮನುಷ್ಯನ, ಒಂದು ಊರಿನ ಪರಿಚಯ ಇದ್ದರೆ ಕೊನೊಸೆರ್. ಒಂದು ಉದಾಹರಣೆ ಕೊಡು ಅಂದೆ. ಸೌದೆಯನ್ನು ಒಲೆಯೊಳಕ್ಕೆ ತಳ್ಳುತ್ತ ಹೇಳಿದ.

'ನಮ್ ಚಿನ್ನುಗೆ ನಾನು ಅವ್ರಪ್ಪ ಅಂತ ಗೊತ್ತು. ಪೋಟ ತೋರ್ಸಿದ್ರೆ ಅಪ್ಪ ಅಂತಾಳೆ. ಎತ್ಕಳಾಕೋದ್ರೆ ಕಿಟಾರಂತ ಕಿರುಚ್ತಾಳೆ. ಪರಿಚಯ ಇಲ್ಲ. ಸರಿಯಾ?'

ಸರಿ ಅಂದೆ. ಅವನು ಲಾರಿಗೆ ಯಾಕೆ ಹೆದರುತ್ತಿದ್ದ ಎಂಬುದು ನನಗೆ ಆಗ ತಿಳಿಯಿತು.

ಪೆದಿರ್, ಪ್ರೆಗುಂತಾರ್ ವಿಷಯದಲ್ಲಿ ಕನ್ನಡವೂ ಕೈಕೊಟ್ಟಿತು. ನಮಗೆ ಎಲ್ಲವೂ 'ಕೇಳುವುದೇ'. ಅಲ್ಲಿ ಅವನೇ ದಾರಿ ಮಾಡಿಕೊಂಡ. 'ಎಣ್ಣು ಕೇಳಾದು ಪೆದಿರ್, ದಾರಿ ಕೇಳಾದು ಪ್ರೆಗುಂತಾರ್. ಎಣ್ಣಿನ ಮನೇಗೋಗಿ ದಾರಿ ಕೇಳ್ದಂಗ್ ಕೇಳ್ಬಾರ್ದು, ಅಷ್ಟೇಯ.' ಸೊಪ್ಪು ಕಟ್ಟುತ್ತಿದ್ದ ಹೆಂಗಸರು ನಕ್ಕರು. ಒಬ್ಬಾಕೆ, 'ನೀನ್ ಯಂಗ್ ಕೇಳಿದ್ಯೋ ನಿನ್ ಎಂಡ್ರುನ್ನ?' ಅಂದಳು. 'ದಾರಿ ತಪ್ಪಿ ಓಗಿದ್ದೆ ಕಣಕ್ಕ' ಅಂದ.

ಸೆರ್, ಎಸ್ತಾರ್ ಮಾತ್ರ ಜಗ್ಗಲಿಲ್ಲ. ಶಾಶ್ವತವಾದದ್ದಕ್ಕೆ ಸೆರ್, ತಾತ್ಕಾಲಿಕಕ್ಕೆ ಎಸ್ತಾರ್ ಎಂದು ನನಗೆ ಕಲಿಸಿದ್ದನ್ನೇ ಅವನಿಗೂ ಕಲಿಸಿದೆ. ಅವನು ಕೇಳಿದ: 'ಅಂಗಾದ್ರೆ ಸತ್ತೋಗವ್ನೆ ಅನ್ನಕೆ? ಅದಕ್ಕಿಂತ ಶಾಶ್ವತ ಯಾವ್ದೈತೆ?' ಅದಕ್ಕೂ ಎಸ್ತಾರ್ ಎಂದೆ. ಎಸ್ತಾ ಮುಎರ್ತೊ, ಸತ್ತಿದ್ದಾನೆ. ಯಾಕೆ ಎಂದರೆ, ಒಬ್ಬರು ಎಂಥವರು ಎಂಬುದಕ್ಕೆ ಒಂದು, ಹೇಗಿದ್ದಾರೆ ಎಂಬುದಕ್ಕೆ ಇನ್ನೊಂದು ಎಂದು ನಾನು ವಿವರಿಸಲು ಹೊರಟಾಗ ಅತ್ತೆ ಒಳಗಿನಿಂದ ಬಂದರು.

'ಲೇ, ಉರಿಯೋ ಒಲೆ ಮುಂದೆ ಕುಂತ್ಕಂಡು ಅದೇನ್ ಮಾತಾಡೀರ್ಲಾ? ಮನೆ ಸೂತಕ ಈಗ ಕಳ್ದದೆ. ಒಳ್ಳೇದ್ ಮಾತಾಡ್ರಿ.'

ಅಲ್ಲಿಗೆ ಆ ಉದಾಹರಣೆ ನಿಂತಿತು. 'ಎಂಥೋರು' ಅಂದರೆ ಸೆರ್, 'ಎಂಗವ್ರೆ' ಅಂದರೆ ಎಸ್ತಾರ್ ಎಂಬಷ್ಟನ್ನು ಮಾದೇವ ಹಿಡಿದುಕೊಂಡ. ದಿನಾ ಬರುತ್ತಿದ್ದ. ಬ್ಯಾರನ್ನು ತುಂಬಿತು, ಬೆಂದಿತು, ಇಳಿಯಿತು, ಮತ್ತೆ ತುಂಬಿತು. ಕೊನೆಯ ಸುತ್ತಿನ ಹೊತ್ತಿಗೆ ಪಿಲಾರ್ ಮತ್ತು ಆಂದ್ರೆಸ್ ಬಂದು ಕೊಪ್ಪದ ಲಾಡ್ಜಿನಲ್ಲಿ ಇಳಿದರು. ಪರೀಕ್ಷೆಯ ದಿನ ಗೊತ್ತಾಯಿತು. ಕಬಿನಿಗೆ ಹೋಗಿ ಬರುವುದು.

ಆ ದಿನದ ಹಿಂದಿನ ಸಂಜೆ ಆಂದ್ರೆಸ್‌ಗೆ ಎದೆ ಹಿಡಿದುಕೊಂಡಿತು. ಮಾದೇವನೇ ಕಾರಿನಲ್ಲಿ ಹುಣಸೂರಿನ ಒಂದು ಆಸ್ಪತ್ರೆಗೆ ಸೇರಿಸಿದ. ಬೆಳಿಗ್ಗೆ ಅವರು ಸುಧಾರಿಸಿದಂತೆ ಕಂಡರು. ವಿಮೆಯ ಕಾಗದ, ಅವರ ಮಾತ್ರೆ, ಕನ್ನಡಕ ತರಲು ಪಿಲಾರ್ ಕೊಪ್ಪಕ್ಕೆ ಹೊರಟರು. ಅವರ ಬಳಿ ಇಲ್ಲಿಯ ಸಿಮ್ ಇರಲಿಲ್ಲ. ಆಸ್ಪತ್ರೆಯಲ್ಲಿ ಕೊಟ್ಟದ್ದು ಮಾದೇವನ ನಂಬರು. ದಾರಿಯಲ್ಲಿ ಮಾದೇವ ನಮ್ಮ ಮನೆಯ ಮುಂದೆ ನಿಲ್ಲಿಸಿದ. 'ಬನ್ನಿ ಮೇಷ್ಟ್ರೇ, ಡಾಕ್ಟ್ರ ಮಾತು ನನ್ ಕೈಲಾಗಕಿಲ್ಲ.' ಹತ್ತಿದೆ.

ಪಿಲಾರ್ ಮೇಲೆ ರೂಮಿನಲ್ಲಿದ್ದರು. ನಾವಿಬ್ಬರೂ ಲಾಡ್ಜಿನ ಮುಂದೆ ಕಾರಿಗೆ ಒರಗಿ ನಿಂತಿದ್ದೆವು. ಫೋನು ಬಂತು.

'ಊಂ... ಊಂ... ಆಯ್ತು. ಕರ್ಕಬತ್ತೀನಿ.'

ಮಾದೇವ ಫೋನನ್ನು ಜೇಬಿಗೆ ಹಾಕಿದ. ಬಟ್ಟೆ ತೆಗೆದುಕೊಂಡು, ಆಗಲೇ ಒರೆಸಿದ್ದ ಗಾಜನ್ನು ಮತ್ತೆ ಒರೆಸಲು ಶುರು ಮಾಡಿದ.

'ಏನಂತೆ?'

'ಸೀರಿಯಸ್ಸಂತೆ.'

'ಬೇರೆ ಏನಾದರೂ...'

'ಮೇಡಮ್ಮನ್ನ ಬಿರ್ನೆ ಕರ್ಕಬರ್ಬೇಕಂತೆ.'

ಅಷ್ಟೇ. ಎಲ್ಲವನ್ನೂ ಅನುಮಾನಿಸುವ ನಾನು ಅದನ್ನು ಅನುಮಾನಿಸಲಿಲ್ಲ. ತಿರುಗಿ ಫೋನು ಮಾಡಿ ಕೇಳಬಹುದಿತ್ತಲ್ಲ ಎಂದು ಇದನ್ನು ಕೇಳಿದ ಹೊರಗಿನವರೆಲ್ಲ ಅನ್ನುತ್ತಾರೆ. ಸೀರಿಯಸ್ಸು ಎಂದವರಿಗೆ ತಿರುಗಿ ಫೋನು ಮಾಡುವುದಿಲ್ಲ. ಮಾಡಿದರೆ ಅವರು ನುಂಗಿಕೊಂಡ ಮಾತನ್ನು ಅವರ ಬಾಯಿಂದ ಕಕ್ಕಿಸಿದ ಹಾಗೆ. ಆ ಪದದ ಮೇಲೆ ಅನುಮಾನ ಬರಬೇಕಿದ್ದರೆ ನಾನು ಬೇರೆ ಸೀಮೆಯಲ್ಲಿ ಹುಟ್ಟಬೇಕಿತ್ತು.

ಇಲ್ಲಿಂದ ಮುಂದೆ ನಮ್ಮಿಬ್ಬರ ನೆನಪು ಬೇರೆಯಾಗುತ್ತದೆ. ಆಸ್ಪತ್ರೆ ತಲುಪುವವರೆಗೆ ಆಕೆಗೆ ಏನೂ ಹೇಳುವುದು ಬೇಡ ಎಂದು ನಾನು ಹೇಳಿದೆ ಎಂಬುದು ನನ್ನ ನೆನಪು. 'ಅವ್ರಿಗೆ ಸುತ್ತಿ ಬಳ್ಸಿ ಯೋಳಿದ್ರೆ ಆಗಕಿಲ್ಲ, ನೆಟ್ಟಗೆ ಯೋಳ್ಬೇಕು ಅಂತ ನೀವೇ ಅಂದ್ರಿ' ಎಂಬುದು ಮಾದೇವನದು. ಪಾಠ ಹೇಳುವಾಗ ಎಂದೋ ಹಾಗೆ ಅಂದಿರಬಹುದು. ಆ ಬೆಳಿಗ್ಗೆ ಅಂದೆನೇ? ತಿಳಿಯದು.

ಮಳೆ ಹಿಡಿದಿತ್ತು. ಕಿಟಕಿಗಳನ್ನೆಲ್ಲ ಏರಿಸಿದ್ದೆವು. ಪಿಲಾರ್ ಹಿಂದೆ ಕೂತರು, ಚೀಲ ಮಡಿಲಲ್ಲಿ. ಆಸ್ಪತ್ರೆಯಿಂದ ಫೋನು ಬಂತೆ ಎಂದು ಕೇಳಿದರು. ಬಂತು, ಬೇಗ ಬನ್ನಿ ಎಂದು ಕೇಳಿಕೊಂಡರು ಎಂದ ಮಾದೇವ. ಪೆದಿರ್ ಬಳಸಿದ, ಸರಿಯಾಗಿತ್ತು. ಆಕೆಗೆ ಇಂಗ್ಲಿಷ್ ಚೆನ್ನಾಗಿಯೇ ಬರುತ್ತಿತ್ತು. ಆ ದಿನ ಮಾತ್ರ ಅದು ಎಲ್ಲೋ ಹೋಗಿಬಿಟ್ಟಿತ್ತು. ಗಾಬರಿಗೆ ತಾಯಿಭಾಷೆ ಒಂದೇ ಉಳಿಯುತ್ತದೆ ಎಂದು ಕಾಣುತ್ತದೆ.

ಪಿರಿಯಾಪಟ್ಟಣದ ಸ್ಟ್ಯಾಂಡಿನ ಹತ್ತಿರ ಮಾದೇವ ಕಾರು ನಿಲ್ಲಿಸಿ, 'ಉನ್ ಮೊಮೆಂತೊ' ಎಂದು ಇಳಿದು ಮಳೆಯಲ್ಲೇ ಓಡಿದ. ಬಂದಾಗ ಕೈಯಲ್ಲಿ ನ್ಯೂಸ್‌ಪೇಪರಿನ ಪೊಟ್ಟಣ. ಅದನ್ನು ನನ್ನ ಕಾಲ ಬಳಿ, ಸೀಟಿನ ಕೆಳಗೆ ತಳ್ಳಿದ. ನನ್ನ ಮುಖ ನೋಡಲಿಲ್ಲ. ನಾನು ಏನೆಂದು ಕೇ‍ಳಲಿಲ್ಲ. ಸಾವಾದ ಜಾಗಕ್ಕೆ ಬರಿಗೈಲಿ ಹೋಗುವುದಿಲ್ಲ.

ಕಾರು ಹುಣಸೂರು ರಸ್ತೆ ಹಿಡಿಯಿತು. ಪಿಲಾರ್ ಇದ್ದಕ್ಕಿದ್ದಂತೆ ಮಾತಾಡಿದರು.

'ಮಾದೇವ, ಇವತ್ತು ನಿನ್ನ ಪರೀಕ್ಷೆಯ ದಿನ ಅಲ್ಲವೇ? ಮಾತಾಡು. ಸುಮ್ಮನೆ ಕೂತರೆ ನಾನು ಏನೇನೋ ಯೋಚಿಸುತ್ತೇನೆ. ಆಂದ್ರೆಸ್ ಎಂಥವರು, ಹೇಳು.'

ಕೊಮೊ ಎಸ್ ಆಂದ್ರೆಸ್. ಹೇಗಿದ್ದಾರೆ ಎಂದಲ್ಲ, ಎಂಥವರು ಎಂದು. ಒಲೆಯ ಮುಂದೆ ನಾವು ಹತ್ತಾರು ಸಲ ಆಡಿದ ಪ್ರಶ್ನೆ. ಮಾದೇವ ವೈಪರನ್ನು ಜೋರು ಮಾಡಿದ. ಇಲ್ಲದವರ ಬಗ್ಗೆ, ಇದ್ದಾರೆ ಎಂಬಂತೆ, ಅವರ ಹೆಂಡತಿಗೆ ಹೇಳಬೇಕು. 'ಒಳ್ಳೆಯವರಾಗಿದ್ದರು' ಎಂದು ಬಾಯಿ ಜಾರಿದರೆ ಮುಗಿಯಿತು.

'ಒಳ್ಳೆಯವರು' ಅಂದ. ಸೆರ್‌ನ ಎಸ್ ಎಂದೇ ಹೇಳಿದ, ಇದ್ದಾರೆ ಎಂಬ ಹಾಗೆ. 'ಹಟಮಾರಿ. ಖಾರ ತಿನ್ನಬೇಡಿ ಅಂದರೆ ಇನ್ನೂ ಎರಡು ಮೆಣಸಿನಕಾಯಿ ಹಾಕಿಸಿಕೊಳ್ಳುತ್ತಾರೆ.'

ಪಿಲಾರ್ ನಕ್ಕರು. 'ಇನ್ನೂ?'

'ನನ್ನ ಮಗಳಿಗೆ ಒಂದು ಗೊಂಬೆ ತಂದಿದ್ದಾರೆ. ಅವಳು ನನ್ನ ಹತ್ತಿರ ಬರುವುದಿಲ್ಲ, ಅವರ ಹತ್ತಿರ ಹೋಗುತ್ತಾಳೆ.'

ನಾನು ಮುಂದಿನ ಗಾಜನ್ನೇ ನೋಡುತ್ತಿದ್ದೆ. ಪ್ರತಿ ಕ್ರಿಯಾಪದವನ್ನೂ ಅವನು ಹೇಳುವ ಮೊದಲೇ ಮನಸ್ಸಿನಲ್ಲಿ ಹೇಳಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಆ ವಾಸನೆ ಕಾರಿನ ತುಂಬ ಹರಡಿಕೊಂಡಿತು. ಮುಚ್ಚಿದ ಕಾರು, ಒದ್ದೆ ಹೂವು. ಏನದು ವಾಸನೆ ಎಂದು ಕೇಳಿದರು ಪಿಲಾರ್.

'ಹೂವು' ಎಂದ ಮಾದೇವ.

'ಯಾರಿಗೆ?'

ಕಂಪಲಾಪುರ ಹತ್ತಿರ ಬಂದಿತ್ತು. ಎಡಗಡೆ ಬ್ಯಾರನ್ನುಗಳ ಹೊಗೆ ಮಳೆಗೆ ಮೇಲೇಳಲಾರದೆ ನೆಲದ ಮೇಲೇ ತೆವಳುತ್ತಿತ್ತು. ಮಾದೇವ ಕಾರನ್ನು ಪಕ್ಕಕ್ಕೆ ತಂದು ನಿಲ್ಲಿಸಿದ. ಹಿಂದಕ್ಕೆ ಪೂರ್ತಿ ತಿರುಗಿ ಕೂತ.

'ಸೆನ್ಯೊರಾ. ಆಂದ್ರೆಸ್ ಎಸ್ತಾ ಮುಎರ್ತೊ.'

ಎಸ್ತಾ. ಅತ್ತೆ ಬೈದು ನಿಲ್ಲಿಸಿದ ಪಾಠ. ಒಮ್ಮೆ ಕೇಳಿದ್ದನ್ನು ಇಟ್ಟುಕೊಂಡಿದ್ದ. ನನಗೆ ನಾಚಿಕೆಯಾಗುವುದೇನೆಂದರೆ, ನನ್ನೊಳಗಿನ ಮೇಷ್ಟ್ರು ಮೊದಲು 'ಸರಿ' ಅಂದುಕೊಂಡ. ಮಾತಿನ ಅರ್ಥ ಆಮೇಲೆ ಬಂದು ತಾಗಿತು.

ವೈಪರ್ ಓಡುತ್ತಲೇ ಇತ್ತು. ಪಿಲಾರ್ ಅಳಲಿಲ್ಲ. 'ಇಲ್ಲ. ಲೊ ಕೊನೊಸ್ಕೊ' ಅಂದರು. ನನಗೆ ಅವರ ಪರಿಚಯ ಇದೆ. ಹಾಗೆ ಹೇಳದೆ ಹೋಗುವ ಮನುಷ್ಯ ಅಲ್ಲ ಎಂಬ ಹಾಗೆ. ಇದು ನನ್ನ ನೆನಪು. ಮಾದೇವನ ಪ್ರಕಾರ ಆಕೆ ಒಂದೇ ಮಾತು ಹೇಳಿದ್ದು, 'ಸೀಗೆ'. ನಡಿ ಮುಂದೆ. ನಾನು ನೆನಪಿಟ್ಟುಕೊಂಡಿರುವ ಮಾತು ಎಷ್ಟು ಚೆನ್ನಾಗಿದೆ ನೋಡಿ. ಅದಕ್ಕೇ ನನಗೆ ಅನುಮಾನ. ಆಮೇಲೆ ಪಿಲಾರ್ ಕೈ ಮುಂದೆ ಚಾಚಿದರು. ನಾನು ಪೊಟ್ಟಣ ಎತ್ತಿ ಕೊಟ್ಟೆ. ಅವರು ಬಿಚ್ಚಲಿಲ್ಲ. ಚೀಲದೊಳಗೆ ಇಟ್ಟುಕೊಂಡರು. ಮಾದೇವ ಗೇರು ಹಾಕಿ ಹುಣಸೂರಿನವರೆಗೆ ಎಲ್ಲೂ ನಿಲ್ಲಿಸದೆ ಓಡಿಸಿದ.

ಆಸ್ಪತ್ರೆಯ ಮುಂದೆ ಆಂಬುಲೆನ್ಸ್ ನಿಂತಿತ್ತು, ಹಿಂಬಾಗಿಲು ತೆರೆದಿತ್ತು. ಸ್ಟ್ರೆಚರಿನ ಮೇಲೆ ಆಂದ್ರೆಸ್. ಮೂಗಿನ ಮೇಲಿದ್ದ ಆಕ್ಸಿಜನ್ ಮಾಸ್ಕನ್ನು ಕೈಯಿಂದ ಎತ್ತಿ, ನನ್ನ ಕನ್ನಡಕ ತಂದೆಯಾ ಎಂದು ಹೆಂಡತಿಯನ್ನು ಕೇಳಿದರು.

ವಾರ್ಡಿನ ಅಟೆಂಡರು ಮಾದೇವನ ಮೇಲೆ ರೇಗಿದ. 'ಎಲ್ಲೋಗಿದ್ರಿ? ಪೇಷೆಂಟು ಸೀರಿಯಸ್ಸು, ಮೈಸೂರ್ಗೆ ಕಳುಸ್ಬೇಕು, ಮನೇವ್ರು ಬಿರ್ನೆ ಬರ್ಬೇಕು ಅಂತ ಆಗ್ಲೇ ಪೋನ್ ಮಾಡ್ಲಿಲ್ವಾ?'

'ಸೀರಿಯಸ್ಸು ಅಂದ್ರಿ...'

'ಊಂ ಕಣ್ರೀ, ಸೀರಿಯಸ್ಸೇ. ಓಗ್ಬುಟ್ಟಿದ್ರೆ ಬಾಡಿ ಈಸ್ಕಳಿ ಅಂತಿದ್ವಿ.'

ಪಿಲಾರ್ ಆಂಬುಲೆನ್ಸ್ ಹತ್ತಿದರು. ನಮ್ಮ ಕಡೆ ತಿರುಗಿ ನೋಡಲಿಲ್ಲ. ಅದು ಹೋದ ಮೇಲೆ ಮಾದೇವ ಕಾರಿನ ಚಕ್ರಕ್ಕೆ ಬೆನ್ನು ಕೊಟ್ಟು ಒದ್ದೆ ನೆಲದ ಮೇಲೇ ಕೂತುಬಿಟ್ಟ.

'ಬಾಯಿಂದ ಬಂದ್ಬುಡ್ತಲ್ಲ ಮೇಷ್ಟ್ರೇ. ಇನ್ನೇನಾರ ಎಚ್ಚುಕಮ್ಮಿ ಆದ್ರೆ ನಾನ್ ಆಡಿದ್ದೇ ಆದಂಗಾಯ್ತದೆ.'

ಹಾಗೇನೂ ಆಗುವುದಿಲ್ಲ, ಮಾತಿನಿಂದ ಯಾರೂ ಸಾಯುವುದಿಲ್ಲ ಎಂದೆ. ಹಾಗೆ ನಂಬಿದವನೂ ನಾನೇ, ರಾತ್ರಿಯೆಲ್ಲ ಮೈಸೂರಿನ ಫೋನಿಗೆ ಕಾದವನೂ ನಾನೇ. ಆ ವಾರ ಮಾದೇವ ಪಾಠಕ್ಕೆ ಬರಲಿಲ್ಲ. ಬಾಡೂಟ ಬಿಟ್ಟಿದ್ದಾನೆ, ಮಾದಪ್ಪನ ಬೆಟ್ಟಕ್ಕೆ ಹರಕೆ ಹೊತ್ತಿದ್ದಾನೆ ಎಂದು ಯಾರೋ ಹೇಳಿದರು. ಲಾರಿಯವರಿಗೆ ಫೋನು ಮಾಡಿದ್ದಾನೆ ಎಂದೂ ಹೇಳಿದರು. ಅತ್ತೆ ವಿಷಯ ತಿಳಿದು, 'ನಾನ್ ಅವತ್ತೇ ಯೋಳ್ನಿಲ್ವಾ' ಎಂದರು.

ಮೈಸೂರಿನಲ್ಲಿ ಆಂದ್ರೆಸ್ ಅವರ ಎದೆಯ ನಾಳಕ್ಕೆ ಡಾಕ್ಟರು ಏನೋ ಹಾಕಿದರು. ಉಳಿದುಕೊಂಡರು. ಆಮೇಲೆ ಪಿಲಾರ್ ಮಾದೇವನಿಗೆ ಬರಹೇಳಿದರು. ಅವನು ನನ್ನನ್ನು ಎಳೆದುಕೊಂಡು ಹೋದ.

ಆಸ್ಪತ್ರೆಯ ಕ್ಯಾಂಟೀನಿನ ಮೂಲೆಯ ಟೇಬಲ್ಲು. ಪಿಲಾರ್ ಅವನನ್ನು ಎದುರಿಗೆ ಕೂರಿಸಿಕೊಂಡರು. ನಾನು ಬಾಯಿ ತೆರೆದಾಗ ಕೈ ಎತ್ತಿ ತಡೆದರು. ಸ್ಪ್ಯಾನಿಷ್‌ನಲ್ಲೇ ಕೇಳಿದರು. ಸತ್ತಿದ್ದಾರೆ ಎಂದು ನಿನಗೆ ಯಾರು ಹೇಳಿದರು?

'ಯಾರೂ ಹೇಳಲಿಲ್ಲ' ಎಂದ ಮಾದೇವ. ಆಮೇಲೆ ತಡವರಿಸುತ್ತ, ಗಂಡಿಗೆ ಹೆಣ್ಣಿನ ರೂಪ, ಹೆಣ್ಣಿಗೆ ಗಂಡಿನ ರೂಪ ಎಂದು ಪದಗಳನ್ನೆಲ್ಲ ಕಲೆಸುತ್ತ, ನಮ್ಮೂರಿನ ಫೋನಿನ ಕಥೆಯನ್ನು ಪೂರ್ತಿ ಹೇಳಿದ. ನನ್ನ ಮಾವ ಸತ್ತಾಗ ಬಂದ ಫೋನನ್ನೂ ಹೇಳಿದ. ನಿಮ್ಮನ್ನು ಕರೆದುಕೊಂಡು ಬಾ ಎಂದು ಅವರು ಕೇಳಿಕೊಂಡರು, ನಾನು ಏನೂ ಕೇಳಲಿಲ್ಲ, ಕೇಳಬಾರದು ಎಂದ. ಒಂದು ಕಡೆ ಪೆದಿರ್, ಇನ್ನೊಂದು ಕಡೆ ಪ್ರೆಗುಂತಾರ್, ಎರಡೂ ತಮ್ಮ ತಮ್ಮ ಜಾಗದಲ್ಲಿ ಬಂದವು. ಅವನಿಗೆ ಆ ಹೊತ್ತಿನಲ್ಲಿ ಅದರ ಮೇಲೆ ಗಮನವೇ ಇರಲಿಲ್ಲ.

ಪಿಲಾರ್ ಕಾಫಿಯನ್ನು ಆರಲು ಬಿಟ್ಟು ಕೇಳಿಸಿಕೊಂಡರು. ಕೊನೆಗೆ, 'ಹಾಗಾದರೆ ನಿಮ್ಮಲ್ಲಿ ಒಬ್ಬರಿಗೆ ನಿಜವಾಗಿ ಸೀರಿಯಸ್ಸಾದರೆ ಏನು ಹೇಳುತ್ತೀರಿ?' ಎಂದರು.

ಮಾದೇವ ಯೋಚಿಸಿದ. 'ಸ್ವಲ್ಪ ಹುಷಾರಿಲ್ಲ ಅನ್ನುತ್ತೇವೆ. ಅದಕ್ಕೂ ಹೆಚ್ಚಾದರೆ ಫೋನು ಮಾಡುವುದಿಲ್ಲ. ಮನೆಗೇ ಹೋಗಿ ಕರೆದುಕೊಂಡು ಬರುತ್ತೇವೆ.'

ಆಕೆ ನಕ್ಕರೋ ಇಲ್ಲವೋ ನೆನಪಿಲ್ಲ. ಎದ್ದು ನಿಂತು, ಮೊದಲ ಗುಂಪು ಚಳಿಗಾಲಕ್ಕೆ ಬರುತ್ತದೆ, ಕಾರು ಸಾಲದು, ವ್ಯಾನು ನೋಡಿಕೋ ಎಂದರು. ಮಾದೇವನಿಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಅದು ಭಾಷೆಯ ತೊಂದರೆಯಲ್ಲ.

ಇದೆಲ್ಲ ಆಗಿ ಕೆಲವು ವರ್ಷಗಳಾದವು. ಪಿರಿಯಾಪಟ್ಟಣದಲ್ಲಿ ಆ ವಾಸನೆ ಬಂದ ದಿನ ಕೊಪ್ಪದಲ್ಲಿ ಇಳಿದವನು ನೇರ ಮಾದೇವನ ಮನೆಗೆ ಹೋದೆ. ಮನೆಯ ಮುಂದೆ ವ್ಯಾನು. ಡ್ರೈವರ್ ಸೀಟಿನಲ್ಲಿ ಅವನ ತೊಡೆಯ ಮೇಲೆ ಚಿನ್ನು ಕೂತು ಸುಮ್ಮಸುಮ್ಮನೆ ಹಾರ್ನು ಒತ್ತುತ್ತಿದ್ದಳು. ಹಾರದ ಮಾತೆತ್ತಿದೆ.

'ಆರ ಎಲ್ಲಿತ್ತು ಮೇಷ್ಟ್ರೇ? ದೇವ್ರ ಪೋಟಕ್ಕೆ ದಿನಾ ಹೂವ ಆಕ್ತೀನಲ್ಲ, ಅದನ್ನೇ ತಂದಿದ್ದು.'

'ದೇವರ ಫೋಟೋದ ಹೂವನ್ನು ಸೀಟಿನ ಕೆಳಗೆ ಯಾರು ಇಡುತ್ತಾರೆ?'

'ಸೀಟ್ ಕೆಳಗೆ ಯಾರ್ ಇಟ್ರು? ಬದ್ಕಿರೋರ್ಗೆ ಅದುನ್ನ ಯಾರಾರ ತತ್ತಾರಾ? ಬುಡಿ, ನೀವು ಓದ್ದೋರು, ಏನಾರ ಸೇರುಸ್ಕತೀರಿ.' ಮಗಳ ತಲೆಯ ಹಿಂದೆ ಮುಖ ಮರೆಸಿಕೊಂಡ. ಚಿನ್ನು ಮತ್ತೆ ಹಾರ್ನು ಒತ್ತಿದಳು.

ಅವನು ಹೇಳಿದ್ದರಲ್ಲಿ ನ್ಯಾಯವಿತ್ತು. ನಾನು ನೋಡಿದ್ದು ಪೊಟ್ಟಣ. ಮೂಸಿದ್ದು ವಾಸನೆ. ಹಾರವನ್ನು ಕಣ್ಣಾರೆ ಕಂಡಿರಲಿಲ್ಲ.

ಆ ರಾತ್ರಿ ಪಿಲಾರ್‌ಗೆ ಬರೆದೆ. ಆ ಸುದ್ದಿ ಹೇಳು ಎಂದು ನಾನು ಅಂದೆನೋ ಮಾದೇವ ತಾನಾಗಿ ಹೇಳಿದನೋ, ನೀವು ಏನೆಂದಿರಿ, ಪೊಟ್ಟಣದಲ್ಲಿ ಏನಿತ್ತು ಎಂದು ಕೇಳಿದೆ. ಮೊದಲೆರಡಕ್ಕೆ ಉತ್ತರ ಅಂದೇ ಬಂತು. ಆ ಕಾರಿನಲ್ಲಿ ತಾನು ಏನು ಮಾತಾಡಿದೆ ಎಂಬುದು ಒಂದಕ್ಷರವೂ ನೆನಪಿಲ್ಲ, ಮಾತಾಡಿದೆ ಎಂಬುದೇ ನೆನಪಿಲ್ಲ ಎಂದರು. ಮೂರನೆಯದಕ್ಕೆ ಮರುದಿನ ಒಂದು ಫೋಟೋ ಬಂತು. ಕೆಳಗೆ ಎರಡೇ ಪದ: ಅಕೀ ಎಸ್ತಾ. ಇಲ್ಲಿದೆ.

ಒಣಗಿ ಕಂದಾದ ಸುಗಂಧರಾಜದ ಮೊಗ್ಗುಗಳು, ನಡುನಡುವೆ ಜರಿ ದಾರ, ಕೆಳಗೆ ಗುಲಾಬಿಯದ್ದಿರಬಹುದಾದ ಒಂದು ಗೊಂಚಲು. ದೊಡ್ಡದು ಮಾಡಿ ನೋಡಿದೆ. ಒಂದು ಕಡೆ ನ್ಯೂಸ್‌ಪೇಪರಿನ ಚೂರು ಅಂಟಿಕೊಂಡಿದೆ, ಅದರ ಮೇಲೆ ಕನ್ನಡ ಅಕ್ಷರ. ಹಾರ ಇತ್ತು. ಫೋಟೋದಲ್ಲಿ ಅದನ್ನು ಎತ್ತಿ ಹಿಡಿದಿರುವ ಕೈ ಆಂದ್ರೆಸ್ ಅವರದು.